ಹಲ್ಲುಮಾತು

ನಮ್ಮೂರಿನಲ್ಲಿ ಮಾತು ಎರಡು ಬಗೆಯದು. ಹಲ್ಲು ಕಾಣದ ಹಾಗೆ ತುಟಿಯಿಂದಷ್ಟೇ ಆಡಿದ್ದು ತುಟಿಮಾತು; ಅದಕ್ಕೆ ಬೆಲೆಯಿದೆ. ನಗುತ್ತ, ಹಲ್ಲು ಕಿಸಿಯುತ್ತ ಆಡಿದ್ದು ಹಲ್ಲುಮಾತು; ಅದನ್ನು ಆಡಿದವನೂ ಕೇಳಿದವನೂ ಮರುದಿನ ಮರೆತುಬಿಡಬೇಕು. ಮದುವೆಯ ಮಾತುಕತೆ, ಜಮೀನಿನ ಪತ್ರ, ಸಾಕ್ಷಿ, ಪುರಸಭೆಯ ಠರಾವು, ಕೊನೆಗೆ ನಾಳೆಯಿಂದ ಅರ್ಧ ಲೀಟರು ಸಾಕು ಎಂದು ಹಾಲಿನವನಿಗೆ ಹೇಳುವುದು ಕೂಡ ತುಟಿಮಾತಿನಲ್ಲೇ ಆಗಬೇಕು. ಹಾಗಾಗಿ ನಮ್ಮೂರಿನವರೆಲ್ಲ ಹೊರಗಿನವರ ಕಣ್ಣಿಗೆ ಬಿಸಿ ಗೆಣಸನ್ನು ಬಾಯಲ್ಲಿಟ್ಟುಕೊಂಡು ಉಗುಳಲಾರದೆ ನುಂಗಲಾರದೆ ನಿಂತವರ ಹಾಗೆ ಕಾಣುತ್ತಾರೆ. ನನ್ನ ಕಣ್ಣಿಗೂ ಹಾಗೆಯೇ ಕಾಣುತ್ತಾರೆ, ಆದರೆ ನಾನು ಹೊರಗಿನವನಲ್ಲ.

ಒಣಗಿದ ನೆಲದ ಮೇಲೆ ನೀರು ಬಿದ್ದರೆ ನೆಲ ಉಸಿರು ಬಿಡುತ್ತದೆ, ಆ ಉಸಿರು ಕುಡಿದವರು ನಗುತ್ತಾರೆ. ಬೇರೆ ಊರುಗಳಲ್ಲಿ ಮೊದಲ ಮಳೆಗೆ ಮಣ್ಣಿನ ವಾಸನೆ ಬರುತ್ತದಂತೆ, ಜನ ಅದನ್ನು ಹೊಗಳಿ ಪದ್ಯ ಬರೆಯುತ್ತಾರಂತೆ. ನಮ್ಮಲ್ಲಿ ಬಾಗಿಲು ಹಾಕಿಕೊಳ್ಳುತ್ತೇವೆ. ಶಾಲೆಯಲ್ಲಿ ಹಾಜರಿಯನ್ನು ಮೂಗಿನಿಂದ ‘ಹ್ಞೂಂ’ ಎಂದು ಹೇಳಿಸುತ್ತಾರೆ. ಕ್ಷೌರದಂಗಡಿಯವನು ಕತ್ತಿಯನ್ನು ಪೆಟ್ಟಿಗೆಯಲ್ಲಿಟ್ಟು ಬರಿಯ ಕತ್ತರಿ ಹಿಡಿಯುತ್ತಾನೆ. ಸಾವಿನ ಮನೆಯಲ್ಲಿ ಹೆಣದ ಮುಂದೆ ಕೂತವರು ಸೆರಗನ್ನೋ ಟವೆಲನ್ನೋ ಕಚ್ಚಿಕೊಂಡು ಭುಜ ಕುಣಿಸುತ್ತಾರೆ. ದೂರದಿಂದ ನೋಡಿದರೆ ಬಿಕ್ಕುತ್ತಿರುವ ಹಾಗೆಯೇ ಕಾಣುವುದರಿಂದ ಸತ್ತವರಿಗೆ ಅವಮಾನವಾಗುವುದಿಲ್ಲ. ಇದಕ್ಕೆ ನಾವು ನಗೆಗಾಲ ಎನ್ನುತ್ತೇವೆ. ನನ್ನ ಅಜ್ಜನ ಕಾಲದಲ್ಲಿ ಅದು ವರ್ಷಕ್ಕೆ ಎರಡು ದಿನ ಇತ್ತು. ಈಗ ಎರಡು ತಿಂಗಳ ಹತ್ತಿರಕ್ಕೆ ಬಂದಿದೆ. ಜನ ಅದಕ್ಕೂ ಒಗ್ಗಿಕೊಂಡಿದ್ದಾರೆ. ನಮ್ಮೂರಿನವರು ಒಗ್ಗಿಕೊಳ್ಳದೇ ಇರುವ ವಸ್ತುವನ್ನು ನಾನು ಇನ್ನೂ ನೋಡಬೇಕಾಗಿದೆ.

ಒಗ್ಗಿಕೊಂಡದ್ದಷ್ಟೇ ಅಲ್ಲ, ಅದರಿಂದ ಅನುಕೂಲವನ್ನೂ ಮಾಡಿಕೊಂಡಿದ್ದಾರೆ. ಯಾರಿಗೂ ಹೇಳಲಾಗದ ನಿಜಗಳನ್ನೆಲ್ಲ ನಗೆಗಾಲಕ್ಕೆಂದು ಕೂಡಿಟ್ಟುಕೊಂಡಿರುತ್ತಾರೆ. ನೀನು ಮೋಸಗಾರ ಎಂದು ತಮ್ಮ ಅಣ್ಣನಿಗೆ ಹೇಳುತ್ತಾನೆ. ನಿನ್ನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು ಎಂದು ಹೆಂಡತಿ ಗಂಡನಿಗೆ ಹೇಳುತ್ತಾಳೆ. ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ. ಬೆಳಗಾದರೆ ಒಂದೇ ತಟ್ಟೆಯಲ್ಲಿ ಉಪ್ಪಿಟ್ಟು. ನನ್ನ ಅಪ್ಪ ನನ್ನನ್ನು ಒಳ್ಳೆಯ ಮಗ ಎಂದು ಕರೆದದ್ದು ಜೀವಮಾನದಲ್ಲಿ ಒಂದೇ ಸಲ. ಆಗ ಅವನ ಮೂವತ್ತೆರಡೂ ಹಲ್ಲು ಕಾಣುತ್ತಿದ್ದವು.

ಯಾವುದು ತುಟಿಮಾತು, ಯಾವುದು ಹಲ್ಲುಮಾತು ಎಂದು ತೀರ್ಮಾನಿಸುವವರು ಪುರಸಭೆಯ ಗುಮಾಸ್ತ ವೆಂಕಟಾಚಲಯ್ಯನವರು. ಮೂವತ್ತು ವರ್ಷದಿಂದ ಅವರದು ಬಾಯಿ ನೋಡುವ ಕೆಲಸ. ಮಾತಾಡುವವರ ಎದುರಿಗೆ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಬಾಯನ್ನೇ ನೋಡುತ್ತಾರೆ. ಹಲ್ಲು ಕಂಡರೆ ಪೆನ್ಸಿಲಿನಿಂದ ಮೇಜು ತಟ್ಟಿ ‘ಹಲ್ಲು’ ಎನ್ನುತ್ತಾರೆ, ಬರೆದುಕೊಳ್ಳುವುದಿಲ್ಲ. ಕಾಣದಿದ್ದರೆ ಹೇಳಿದ್ದನ್ನು ಅಕ್ಷರ ಬಿಡದೆ ಪುಸ್ತಕದಲ್ಲಿ ಬರೆದು ಕೆಳಗೆ ‘ಹಲ್ಲು ಕಾಣಲಿಲ್ಲ’ ಎಂದು ಸೇರಿಸಿ ಸಹಿ ಮಾಡುತ್ತಾರೆ. ಆ ಎರಡು ಪದ ಬಿದ್ದರೆ ಮುಗಿಯಿತು, ಅದನ್ನು ಯಾರೂ ಅಳಿಸುವ ಹಾಗಿಲ್ಲ. ಅವರು ಕೆಟ್ಟ ಮನುಷ್ಯರಲ್ಲ. ಒಳ್ಳೆಯವರೂ ಅಲ್ಲ. ಅವರು ಬಾಯಿ ನೋಡುವವರು.

ಊರಿನ ಮೂಡಲಿಗೆ ಕಾವಲಿದೆ, ಊರಿಗೆಲ್ಲ ಸೇರಿದ ಮೇವಿನ ನೆಲ. ಕಾವಲೆಂದರೆ ಹುಲ್ಲು, ಒಣ ಹುಲ್ಲು, ಆಕಾಶ ಮುಟ್ಟುವವರೆಗೂ ಹುಲ್ಲು. ನಡುನಡುವೆ ಒಂದೊಂದು ಜಾಲಿ. ಪಡುವಲಿಗೆ ಕಾಲುವೆ, ಕಾಲುವೆಯ ಕೆಳಗೆ ಮೆಕ್ಕೆಜೋಳದ ಹೊಲಗಳು. ಅವುಗಳಲ್ಲಿ ಹೆಚ್ಚಿನವು ಪುರಸಭೆಯ ಅಧ್ಯಕ್ಷ ರುದ್ರಮುನಿಯಪ್ಪನವರದು. ಊರಿನ ಗೊಬ್ಬರದ ಅಂಗಡಿಯೂ ಅವರದೇ. ಮೋಡ ಕಂಡರೆ ಸಾಕು, ನಮ್ಮ ರೈತರು ಯೂರಿಯಾ ಎರಚುತ್ತಾರೆ. ಪಕ್ಕದ ಹೊಲದವನು ಎರಡು ಚೀಲ ಎರಚಿದರೆ ಇವರು ಮೂರು. ಬೆಳೆ ತಿಂದದ್ದು ಎಷ್ಟು, ಉಳಿದದ್ದು ಎಲ್ಲಿಗೆ ಹೋಯಿತು ಎಂದು ಕೇಳುವ ಅಭ್ಯಾಸ ಯಾರಿಗೂ ಇಲ್ಲ.

ರುದ್ರಮುನಿಯಪ್ಪನವರದು ಒಂದು ವಾದ. ವರ್ಷದ ಮೊದಲ ನಗು ಕಾವಲಿನಿಂದಲೇ ಬರುತ್ತದೆ. ಮೂಡಲ ಗಾಳಿಯಲ್ಲಿ ಬರುತ್ತದೆ, ಕುರಿಯ ವಾಸನೆಯ ಜೊತೆಗೆ ಬರುತ್ತದೆ. ಆದ್ದರಿಂದ ಊರನ್ನು ನಗಿಸುತ್ತಿರುವುದು ಕಾವಲು. ಅದನ್ನು ಉತ್ತು ಮೆಕ್ಕೆಜೋಳ ಹಾಕಿದರೆ ನಗು ನಿಲ್ಲುತ್ತದೆ, ಊರಿಗೆ ಮಾನ ಬರುತ್ತದೆ. ಮೊದಲ ನಗು ಕಾವಲಿನದೇ ಎಂಬುದು ನಿಜ. ಬೇಸಗೆಯೆಲ್ಲ ಒಣಗಿದ ಹುಲ್ಲುನೆಲ ಮೊದಲ ಹನಿಗೆ ಒಮ್ಮೆ ಜೋರಾಗಿ ನಕ್ಕು ಬಿಡುತ್ತದೆ. ಒಂದು ನಿಜದ ಬೆನ್ನ ಮೇಲೆ ಹತ್ತು ಸುಳ್ಳು ಹೇರುವುದನ್ನು ನಮ್ಮಲ್ಲಿ ಬುದ್ಧಿವಂತಿಕೆ ಎನ್ನುತ್ತಾರೆ. ಉತ್ತ ಮೇಲೆ ತಮಗೂ ಒಂದೊಂದು ಎಕರೆ ಸಿಗಬಹುದೆಂದು ಲೆಕ್ಕ ಹಾಕಿದ ಊರು ಆ ವಾದವನ್ನು ಒಪ್ಪಿಯೂಬಿಟ್ಟಿತು.

ಕಾವಲಿನ ಅಂಚಿನ ಗುಡಿಸಲಲ್ಲಿರುವವಳು ನನ್ನ ಸೋದರತ್ತೆ ಕ್ಯಾತಮ್ಮ. ಅವಳಿಗೆ ಎಪ್ಪತ್ತು ವರ್ಷ, ಅರವತ್ತು ಕುರಿ. ಅಪ್ಪ ಹೋದಮೇಲೆ ನನ್ನನ್ನು ಓದಿಸಿದ್ದು ಆ ಕುರಿಗಳ ಉಣ್ಣೆ. ನಾನು ಓದಿದ ಪುಸ್ತಕಗಳಲ್ಲಿ ದೂರದೂರದ ದೇಶಗಳ ಜನ ಏನೇನೋ ದೊಡ್ಡ ದುಃಖಗಳನ್ನು ಪಡುತ್ತಿದ್ದರು. ಅತ್ತೆ ಅದನ್ನೆಲ್ಲ ನನ್ನಿಂದ ಹೇಳಿಸಿಕೊಂಡು, ಅವರಿಗೆ ಮೇಯಿಸೋಕೆ ಕುರಿ ಇರಲಿಲ್ಲವಾ ಎಂದು ಕೇಳುತ್ತಿದ್ದಳು. ಹಿಂದೊಮ್ಮೆ ಟಗರು ಗುದ್ದಿ ಅವಳ ಮುಂದಿನ ಹಲ್ಲುಗಳು ಹೋದವು, ಉಳಿದವು ಅವುಗಳ ಹಿಂದೆಯೇ ಹೋದವು. ಈಗ ಸೊಂಟದಲ್ಲಿ ಕಬ್ಬಿಣದ ಪುಟ್ಟ ಕುಟ್ಟಾಣಿಯೊಂದನ್ನು ಸಿಕ್ಕಿಸಿಕೊಂಡಿರುತ್ತಾಳೆ; ಎಲೆ ಅಡಿಕೆಯನ್ನು ಅದರಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ಅವಳು ನಗೆಗಾಲಕ್ಕೆ ಕಾಯದೆ ವರ್ಷವಿಡೀ ನಗುತ್ತಾಳೆ. ಯಾವ ಪತ್ರಕ್ಕೂ ಸಾಕ್ಷಿಗೂ ಅವಳನ್ನು ಯಾರೂ ಕರೆದದ್ದಿಲ್ಲ. ಕುರಿ ಕಾಯುವ ಮುದುಕಿಯ ಮಾತು ತುಟಿಯದೋ ಹಲ್ಲಿನದೋ ಎಂದು ಯೋಚಿಸುವಷ್ಟು ಪುರುಸೊತ್ತು ನಮ್ಮೂರಿಗೆ ಇರಲಿಲ್ಲ.

ಕಳೆದ ವರ್ಷ ರುದ್ರಮುನಿಯಪ್ಪನವರು ತಮ್ಮ ವಾದಕ್ಕೆ ಬಲ ಬರಲೆಂದು ಪಟ್ಟಣದಿಂದ ಒಬ್ಬ ಸಂಶೋಧನೆಯ ಮೇಡಂ ಅವರನ್ನು ಕರೆಸಿದರು. ಅವರು ಜೀಪಿನಲ್ಲಿ ಆರು ತಗಡಿನ ಡಬ್ಬಗಳನ್ನು ತಂದರು, ತಳವಿಲ್ಲದ ಡಬ್ಬಗಳು. ಅವನ್ನು ನೆಲಕ್ಕೆ ಒತ್ತಿ ಕೂರಿಸಿ, ಮೇಲಿನ ರಬ್ಬರ್ ಬಿರಡೆಯೊಳಗೆ ಸೂಜಿ ಚುಚ್ಚಿ, ಹತ್ತು ಹತ್ತು ನಿಮಿಷಕ್ಕೊಮ್ಮೆ ಸಿರಿಂಜಿನಿಂದ ಒಳಗಿನ ಗಾಳಿ ಎಳೆದು ಪುಟ್ಟ ಗಾಜಿನ ಸೀಸೆಗಳಿಗೆ ತುಂಬಬೇಕು. ಓದಿ ಕೆಲಸವಿಲ್ಲದೆ ಕೂತಿದ್ದ ನನ್ನನ್ನು ಡಬ್ಬ ಒತ್ತಲು ನೇಮಿಸಿದರು. ನೆಲದ ಉಸಿರಿಗೆ ಅವರು ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲ, ಎಂದರು. ಅದು ಮೇಲೆ ಹೋದರೆ ನೂರು ವರ್ಷಕ್ಕೂ ಹೆಚ್ಚು ಅಲ್ಲೇ ಕೂತು ಭೂಮಿಯನ್ನು ಕಾಯಿಸುತ್ತದೆ ಎಂದರು. ನನಗೆ ಅದು ಹಿಡಿಸಿತು. ನಮ್ಮೂರಿನ ಯಾವ ತುಟಿಮಾತೂ ನೂರು ವರ್ಷ ಉಳಿದಿಲ್ಲ, ನಗು ಮಾತ್ರ ಉಳಿಯುತ್ತದೆ.

ಮೊದಲ ಮಳೆ ಬಿತ್ತು. ಕಾವಲು ನಕ್ಕಿತು, ಮೇಡಂ ನಕ್ಕರು, ನಾನು ನಕ್ಕೆ, ಕುರಿಗಳನ್ನು ಬಿಟ್ಟು ಎಲ್ಲರೂ ನಕ್ಕೆವು. ಮೇಡಂ ಎರಡು ದಿನ ಅಳೆದು, ಕಾವಲಿನ ಅಂಕಿ ಜೋರಾಗಿರುವಂತಿದೆ ಎಂದು ಅಧ್ಯಕ್ಷರಿಗೆ ಹೇಳಿ, ಮೂರನೆಯ ದಿನ ಯಾವುದೋ ಸಮ್ಮೇಳನವಿದೆಯೆಂದು ಜೀಪು ಹತ್ತಿದರು. ಹೋಗುವಾಗ, ಸಾಧ್ಯವಾದರೆ ಮುಂದುವರಿಸಿ ಎಂದು ಕಿಟಕಿಯಿಂದ ಕೂಗಿದರು. ಅವರ ಹಲ್ಲು ಕಾಣುತ್ತಿತ್ತು. ಊರಿನ ಕಾನೂನಿನಂತೆ ಅದನ್ನು ನಾನು ಮರೆಯಬೇಕಿತ್ತು. ಮರೆಯಲಿಲ್ಲ. ಒಳ್ಳೆಯತನದಿಂದಲ್ಲ, ಒಬ್ಬರು ಎರಡು ದಿನ ನೋಡಿ ನೆಲವೊಂದರ ಹಣೆಬರಹ ಬರೆದು ಹೊರಟುಹೋದದ್ದು ನನಗೆ ಉರಿಯುತ್ತಿತ್ತು.

ಮೂರು ಡಬ್ಬಗಳನ್ನು ಕಾವಲಿನಲ್ಲೂ ಮೂರನ್ನು ರುದ್ರಮುನಿಯಪ್ಪನವರ ಹೊಲದಲ್ಲೂ ಇಟ್ಟು ದಿನವೂ ಸೀಸೆ ತುಂಬಿದೆ. ಅಧ್ಯಕ್ಷರು ಬೇಡ ಎನ್ನಲಿಲ್ಲ. ಅವರ ಆಳುಗಳು ಡಬ್ಬ ನೆಲದ ಶಕ್ತಿ ಅಳೆಯುತ್ತದೆಂದು ನಂಬಿ, ಕಾವಲಿನ ಮುಂದೆ ತಮ್ಮ ಧಣಿಯ ಹೊಲ ಸೋಲಬಾರದೆಂದು, ನಾನು ಅತ್ತ ತಿರುಗಿದಾಗಲೆಲ್ಲ ಡಬ್ಬದ ಸುತ್ತ ಒಂದೊಂದು ಹಿಡಿ ಯೂರಿಯಾ ಚೆಲ್ಲುತ್ತಿದ್ದರು. ಒಂದು ದಿನ ಅದನ್ನು ಕಂಡು ಆ ಮೂರೂ ಡಬ್ಬಗಳನ್ನು ಬೇರೆ ಸಾಲಿಗೆ ಸಾಗಿಸಿ, ಹಳೆಯ ಸೀಸೆಗಳನ್ನು ಎಸೆದು, ಹೊಸದಾಗಿ ಶುರುಮಾಡಿದೆ. ಹೊಸ ಸಾಲು ಕೂಡ ಕಡಿಮೆ ನಗಲಿಲ್ಲ. ಸೀಸೆಗಳನ್ನು ವಾರಕ್ಕೊಮ್ಮೆ ಬಸ್ಸಿನಲ್ಲಿ ಪಟ್ಟಣಕ್ಕೆ ಕಳಿಸುತ್ತಿದ್ದೆ. ಚಳಿಗಾಲದಲ್ಲಿ ಮೇಡಂ ಅವರಿಂದ ಒಂದು ಹಾಳೆ ಬಂತು. ಅದರಲ್ಲಿ ಅಂಕಿಗಳ ಸಾಲುಗಳಿದ್ದವು, ಕೆಳಗೆ ಒಂದು ಮಾತಿತ್ತು: ಕಾವಲು ನಕ್ಕಿದ್ದು ಎರಡು ದಿನ, ಹೊಲ ನಕ್ಕಿದ್ದು ಐವತ್ತೆಂಟು ದಿನ. ತಾವು ಅಂದುಕೊಂಡದ್ದು ತಪ್ಪಾಗಿತ್ತು ಎಂಬ ಮಾತು ಮಾತ್ರ ಎಲ್ಲೂ ಇರಲಿಲ್ಲ.

ಅಷ್ಟರಲ್ಲಿ ಸಭೆ ಗೊತ್ತಾಗಿತ್ತು. ನಮ್ಮಲ್ಲಿ ಇಂಥ ಸಭೆ ವರ್ಷಕ್ಕೆ ಒಂದೇ. ಅಧ್ಯಕ್ಷರು ತಮ್ಮ ಸೂಚನೆಯನ್ನು ಮಂಡಿಸುತ್ತಾರೆ. ಸಂಜೆ ಐದಕ್ಕೆ ಪುಸ್ತಕ ಮುಚ್ಚುವುದರೊಳಗೆ ಒಬ್ಬರಾದರೂ ತುಟಿಮಾತಿನಲ್ಲಿ ವಿರೋಧಿಸಿದರೆ ಸೂಚನೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಯಾರೂ ವಿರೋಧಿಸದಿದ್ದರೆ ಮರುದಿನವೇ ಟ್ರಾಕ್ಟರು. ಒಂದೇ ಒಂದು ತುಟಿಮಾತು ಸಾಕಿತ್ತು, ನನ್ನ ಕೈಯಲ್ಲಿ ಹಾಳೆಯಿತ್ತು, ಅದು ನಗೆಗಾಲವೂ ಆಗಿರಲಿಲ್ಲ. ಗೆದ್ದೆ ಎಂದುಕೊಂಡೆ. ಸಭೆಯ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ತುಟಿ ಸಡಿಲಿಸದೆ ‘ಐವತ್ತೆಂಟು’ ಎನ್ನುವುದನ್ನು ಅಭ್ಯಾಸ ಮಾಡುತ್ತಿದ್ದೆ. ಅತ್ತೆ ಬಾಗಿಲಲ್ಲಿ ಬಂದು ನಿಂತಳು.

“ಲೇ ತಿಪ್ಪೇಶ, ಪುರಸಭೆ ಹಿಂದ್ಲ ಹೊಲಕ್ಕೆ ಕಾಲ್ವೆ ನೀರು ತಿರುಗ್ಸವ್ರೆ. ಕಟಾವು ಆಗಿರೋ ಹೊಲ ಕಣ್ಲಾ ಅದು, ಅದ್ಕ್ಯಾಕೆ ನೀರು? ನೆನ್ನೆ ಬಿಳೇದು ಏನೋ ಎರಚ್ತಿದ್ರು, ಉಪ್ಪು ಅಂದ್ಕಂಡೆ.”

ಹ್ಞೂಂ ಎಂದೆ, ತುಟಿ ಬಿಗಿಹಿಡಿದೇ. ಅವಳು ಹೇಳಿದ್ದು ನನ್ನ ಕಿವಿಗೆ ಬಿತ್ತು, ಆದರೆ ಆ ಹೊತ್ತಿನಲ್ಲಿ ನನಗೆ ನನ್ನ ಬಾಯಿಗಿಂತ ದೊಡ್ಡ ವಿಷಯ ಜಗತ್ತಿನಲ್ಲಿ ಇನ್ನೊಂದಿರಲಿಲ್ಲ. ಊರಿನವರನ್ನು ಇಷ್ಟು ಹೊತ್ತು ಆಡಿಕೊಂಡವನು ಇದನ್ನೂ ಹೇಳಲೇಬೇಕು.

ಸಭೆ ಮಧ್ಯಾಹ್ನ ಮೂರಕ್ಕೆ ಶುರುವಾಯಿತು. ಪುರಸಭೆಯ ಸಭಾಂಗಣದ ಪಡುವಲ ಕಿಟಕಿಗಳನ್ನೆಲ್ಲ ಸೆಕೆ ಎಂಬ ನೆಪದಲ್ಲಿ ತೆರೆದಿಟ್ಟಿದ್ದರು. ಒಳಗೆ ಕಾಲಿಟ್ಟಾಗಲೇ ಮುಂದಿನ ಸಾಲಿನ ಸದಸ್ಯರೊಬ್ಬರ ಹೊಟ್ಟೆ ಕುಲುಕುತ್ತಿತ್ತು. ಅತ್ತೆಯ ಮಾತು ಆಗ ನನಗೆ ಅರ್ಥವಾಯಿತು. ಹಿಂದಿನ ಹೊಲದ ಒಣನೆಲ ಹೊಟ್ಟೆತುಂಬ ಯೂರಿಯಾ ತಿಂದು, ಕಾಲುವೆಯ ನೀರು ಕುಡಿದು, ಕಿಟಕಿಯಲ್ಲಿ ತಲೆಯಿಟ್ಟು ಉಸಿರು ಬಿಡುತ್ತಿತ್ತು. ಹತ್ತು ನಿಮಿಷದಲ್ಲಿ ಇಡೀ ಸಭೆ ನಗುತ್ತಿತ್ತು. ಅಧ್ಯಕ್ಷರೂ ನಗುತ್ತಿದ್ದರು, ಅವರ ಒಂದು ಚಿನ್ನದ ಹಲ್ಲು ಮಿಂಚುತ್ತಿತ್ತು. ಆದರೆ ಅವರಿಗೆ ಭಯವಿರಲಿಲ್ಲ. ಕಾವಲನ್ನು ಉಳುವ ಸೂಚನೆಯನ್ನು ಅವರು ಬೆಳಿಗ್ಗೆಯೇ ತಮ್ಮ ಮನೆಯ ಪಡಸಾಲೆಯಲ್ಲಿ ವೆಂಕಟಾಚಲಯ್ಯನವರನ್ನು ಕೂರಿಸಿಕೊಂಡು ತುಟಿಮಾತಿನಲ್ಲಿ ಹೇಳಿ ಬರೆಸಿಬಿಟ್ಟಿದ್ದರು. ಗುಮಾಸ್ತರು ಪುಸ್ತಕ ತೆರೆದು ಎಲ್ಲರಿಗೂ ತೋರಿಸಿದರು: ಹಲ್ಲು ಕಾಣಲಿಲ್ಲ, ಸಹಿ, ತಾರೀಖು. ಇನ್ನು ವಿರೋಧಿಸುವವರು ಮಾತ್ರ ನಗದೆ ಮಾತಾಡಬೇಕಿತ್ತು.

ನಾನು ಎದ್ದೆ. ಕಾವಲು ಎರಡು ದಿನ ಎನ್ನುವಷ್ಟರಲ್ಲಿ ಪೆನ್ಸಿಲು ಮೇಜು ತಟ್ಟಿತು. ಹಲ್ಲು. ತುಟಿಯನ್ನು ಎರಡು ಬೆರಳಿನಿಂದ ಹಿಡಿದುಕೊಂಡು ಮತ್ತೆ ಹೇಳಿದೆ. ಹೊರಬಂದದ್ದು ಕರು ಅಂಬಾ ಎನ್ನುವ ಸದ್ದು. ಸಭೆ ಇನ್ನಷ್ಟು ನಕ್ಕಿತು. ಹಾಳೆಯನ್ನೇ ಕೊಡಲು ಹೋದೆ. ಕಾಗದಕ್ಕೆ ತುಟಿಯಿಲ್ಲ, ಹೇಳಬೇಕು ಎಂದರು ವೆಂಕಟಾಚಲಯ್ಯನವರು, ಮೂವತ್ತು ವರ್ಷದ ಅಭ್ಯಾಸದಿಂದ ಬಾಯಿ ಮುಚ್ಚಿಕೊಂಡೇ ನಗುತ್ತ. ಅತ್ತೆ ಕುರಿ ಮೇಯಿಸುವ ನೆಲ ಹೋಗುತ್ತಿದೆ ಎಂದು ನೆನೆಸಿಕೊಂಡೆ, ಅರವತ್ತು ಕುರಿ ರಸ್ತೆಯಲ್ಲಿ ನಿಂತದ್ದನ್ನು ನೆನೆಸಿಕೊಂಡೆ, ಸತ್ತ ಅಪ್ಪನನ್ನು ನೆನೆಸಿಕೊಂಡೆ. ಅಪ್ಪನ ನೆನಪಿಗೆ ನಗು ಇನ್ನೂ ಜೋರಾಯಿತು. ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದಾಗ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು, ನನ್ನ ಕಣ್ಣಲ್ಲಿ ನೀರಿತ್ತು. ಅದು ಯಾವ ನೀರೆಂದು ನೋಡುವ ಗುಮಾಸ್ತರು ನಮ್ಮೂರಿನಲ್ಲಿಲ್ಲ.

ಅಷ್ಟು ಹೊತ್ತೂ ಅತ್ತೆ ಹೊಸಿಲ ಹೊರಗೆ ಕೂತು ಅಡಿಕೆ ಕುಟ್ಟುತ್ತಿದ್ದಳು. ಸದ್ದು ಮಾಡಬೇಡವೆಂದು ಒಬ್ಬರು ಎರಡು ಸಲ ಗದರಿಸಿದ್ದರು. ಅವಳು ಕುಟ್ಟಾಣಿಯನ್ನು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದು ನನ್ನ ಮುಂದೆ ನಿಂತಳು. ಅವಳೂ ನಗುತ್ತಿದ್ದಳು, ಎಲ್ಲರಿಗಿಂತ ಜೋರಾಗಿ.

“ಏನ್ ಬರ್ದವ್ರೋ ಅದ್ರಾಗೆ? ನಂಗೆ ಹೇಳ್ಲಾ.”

ಉಸಿರು ಸಿಕ್ಕಿದಷ್ಟರಲ್ಲಿ ಹೇಳಿದೆ. ಅವಳು ಮೇಜಿನ ಅಂಚು ಹಿಡಿದು ವೆಂಕಟಾಚಲಯ್ಯನವರ ಮುಖದ ಹತ್ತಿರಕ್ಕೆ ಬಾಗಿದಳು.

“ಬರ್ಕಳಿ ಸ್ವಾಮಿ. ಕಾವ್ಲು ನಗಾದು ಎಲ್ಡು ದಿನ. ಈ ಯಪ್ಪನ ಹೊಲ ನಗಾದು ಐವತ್ತೆಂಟು ದಿನ. ಕಾವ್ಲು ಉಳಾಕೆ ನಾನು ಒಪ್ಪಾಕಿಲ್ಲ.”

ಪೆನ್ಸಿಲು ಮೇಲೆದ್ದಿತು. ಕೆಳಗೆ ಬೀಳಲಿಲ್ಲ. ವೆಂಕಟಾಚಲಯ್ಯನವರು ಕನ್ನಡಕವನ್ನು ತೆಗೆದು ಒರೆಸಿ ಹಾಕಿಕೊಂಡರು. ಇನ್ನೊಂದು ಸಲ ಹೇಳಮ್ಮ ಎಂದರು. ಅವಳು ಇನ್ನೊಂದು ಸಲ ಹೇಳಿದಳು, ಬಾಯಿ ಅಷ್ಟಗಲ ತೆರೆದು, ನಡುನಡುವೆ ಗಹಗಹಿಸುತ್ತ. ಗುಮಾಸ್ತರು ಮೇಜಿನ ಖಾನೆಯಿಂದ ಟಾರ್ಚು ತೆಗೆದು ಒಳಗೆ ಬೆಳಕು ಬಿಟ್ಟರು. ಎಲೆಯ ರಸಕ್ಕೆ ಕೆಂಪಾದ ವಸಡು ಕಂಡಿತು, ಕೆಂಪು ನಾಲಗೆ ಕಂಡಿತು, ಕಿರುನಾಲಗೆಯೂ ಕಂಡಿತು. ಅವರು ಟಾರ್ಚು ಆರಿಸಿ, ಪುಸ್ತಕವನ್ನು ಹತ್ತಿರಕ್ಕೆಳೆದು, ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಬರೆದರು. ಕೆಳಗೆ ಬರೆದರು: ಹಲ್ಲು ಕಾಣಲಿಲ್ಲ.

ರುದ್ರಮುನಿಯಪ್ಪನವರು ಕುರ್ಚಿಯಿಂದೆದ್ದರು. “ಅವಳಿಗೆ ಹಲ್ಲೇ ಇಲ್ವಲ್ರೀ. ನಗ್ತಾ ಇದಾಳೆ, ಕಿವಿಗೆ ಕೇಳಿಸ್ತಿಲ್ವೇನ್ರೀ ನಿಮ್ಗೆ?”

ವೆಂಕಟಾಚಲಯ್ಯನವರು ಅಧ್ಯಕ್ಷರ ಬಾಯನ್ನು ನೋಡಿದರು. ಚಿನ್ನದ್ದೂ ಸೇರಿ ಎಲ್ಲವೂ ಕಾಣುತ್ತಿದ್ದವು. ಪೆನ್ಸಿಲಿನಿಂದ ಮೇಜು ತಟ್ಟಿದರು. “ಹಲ್ಲು, ಅಧ್ಯಕ್ಷರೇ,” ಎಂದರು. ಐದು ಹೊಡೆಯಿತು, ಪುಸ್ತಕ ಮುಚ್ಚಿದರು.

ಕಾವಲು ಒಂದು ವರ್ಷದ ಮಟ್ಟಿಗೆ ಉಳಿಯಿತು. ಇದರಿಂದ ಊರು ಏನಾದರೂ ಕಲಿತಿರಬೇಕು ಎಂದು ನೀವು ಅಂದುಕೊಂಡರೆ ನಿಮಗೆ ನಮ್ಮೂರು ಗೊತ್ತಿಲ್ಲ. ಮುಂದಿನ ವಾರವೇ ರುದ್ರಮುನಿಯಪ್ಪನವರು ಬಸ್‌ಸ್ಟ್ಯಾಂಡಿನ ಪಕ್ಕದ ಹಲ್ಲಿನ ಡಾಕ್ಟರು ಅಮಾನುಲ್ಲಾ ಅವರ ಬಳಿ ಹೋಗಿ ಚಿನ್ನದ್ದೂ ಬಿಡದೆ ಎಲ್ಲ ಹಲ್ಲು ಕೀಳಿಸಿಕೊಂಡು ಬಂದರು. ಹತ್ತಿ ತುರುಕಿದ ಬಾಯಲ್ಲಿ ಪೇಟೆಬೀದಿಯ ಉದ್ದಕ್ಕೂ ನಕ್ಕು ತೋರಿಸಿದರು. ಇನ್ನು ಅವರು ಏನು ಹೇಳಿದರೂ, ಹೇಗೆ ನಗುತ್ತ ಹೇಳಿದರೂ, ಅದು ತುಟಿಮಾತು. ಆಮೇಲೆ ಅವರ ಕಡೆಯ ಸದಸ್ಯರು ಮೂವರು ಹೋದರು. ಅವರನ್ನು ಕಂಡರಾಗದ ಸದಸ್ಯರು ನಾಲ್ವರು ಹೋದರು. ಹೆಣ್ಣು ಹುಡುಕುತ್ತಿದ್ದವರು, ಪಾಲಿನ ಜಗಳದಲ್ಲಿದ್ದವರು, ಯಾವ ಜಗಳವೂ ಇಲ್ಲದೆ ಮುಂದೆ ಬೇಕಾದೀತು ಎಂದುಕೊಂಡವರು, ಎಲ್ಲರೂ ಸಾಲು ಹಚ್ಚಿದರು. ಯಾವ ಹಲ್ಲು ನೋಯುತ್ತಿದೆ ಎಂದು ಕೇಳುವುದನ್ನು ಡಾಕ್ಟರು ಬಿಟ್ಟುಬಿಟ್ಟಿದ್ದಾರೆ. ಹೊಲಕ್ಕೆ ಒಂದು ಹಿಡಿ ಯೂರಿಯಾ ಕಡಿಮೆ ಹಾಕಿ ನೋಡೋಣ ಎಂಬುದು ಮಾತ್ರ ಈ ಇಡೀ ಊರಿನಲ್ಲಿ ಒಂದೇ ಒಂದು ತಲೆಗೆ ಹೊಳೆದಿಲ್ಲ. ಈ ವರ್ಷ ಅಧ್ಯಕ್ಷರ ಅಂಗಡಿಯಲ್ಲಿ ಚೀಲಗಳು ಸೂರಿನವರೆಗೂ ಇವೆ.

ಇವತ್ತು ಬೆಳಿಗ್ಗೆ ನಾನೂ ಅದೇ ಸಾಲಿನ ಬೆಂಚಿನ ಮೇಲೆ ಬಂದು ಕೂತೆ. ಸಭೆಗೆ ಇನ್ನು ಇಪ್ಪತ್ತು ದಿನವಿದೆ. ಎದುರು ಮಾತಾಡುವವನಿಗೆ ಹಲ್ಲಿಲ್ಲದಿದ್ದರೆ ನನಗೂ ಇರಬಾರದು. ಅತ್ತೆಗೆ ವಯಸ್ಸಾಯಿತು, ಒಬ್ಬರಾದರೂ ಬೇಕಲ್ಲ ಎಂದು ಲೆಕ್ಕ ಹಾಕಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು. ಅತ್ತೆ ಕುರಿಗಳನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನನ್ನನ್ನು ಹುಡುಕಿಕೊಂಡು ಬಂದಳು. ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಅವಳು ನಗದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನನ್ ಹಲ್ಲು ಟಗರು ಗುದ್ದಿ ಹೋದ್ವು ಕಣ್ಲಾ. ನಿಂಗೇನ್ ಗುದ್ದಿತ್ತು? ಅವತ್ತು ಬೆಳಗ್ಗೇನೇ ಹೇಳಿದ್ನಲ್ಲ, ನೀರು ಬಿಟ್ಟವ್ರೆ ಅಂತ. ಆವಾಗ ಕಿವಿ ಐತಾ ಇಲ್ವಾ ನೋಡ್ಕಳದು ಬಿಟ್ಟು, ಈಗ ಹಲ್ಲು ಕೀಳಿಸ್ಕಳಾಕೆ ಬಂದವ್ನೆ.”

ನಾನು ಬೆಂಚು ಬಿಟ್ಟು ಏಳಲಿಲ್ಲ. ಅವಳು ಸೊಂಟದಿಂದ ಕುಟ್ಟಾಣಿಯನ್ನು ತೆಗೆದು ನನ್ನ ತೊಡೆಯ ಮೇಲಿಟ್ಟು, ಇನ್ಮೇಕೆ ನಿಂಗೇ ಬೇಕಾಗ್ತದೆ ಎಂದು ಹೇಳಿ ಕುರಿಗಳ ಕಡೆಗೆ ಹೊರಟುಹೋದಳು. ಕುಟ್ಟಾಣಿ ಅವಳ ಮೈಯ ಬಿಸಿಗೆ ಇನ್ನೂ ಬೆಚ್ಚಗಿತ್ತು. ಒಳಗೆ ಅರ್ಧ ಕುಟ್ಟಿದ ಅಡಿಕೆಯಿತ್ತು. ನನ್ನ ಮುಂದೆ ಇನ್ನಿಬ್ಬರಿದ್ದರು. ಹೊರಗೆ ಎಲ್ಲೋ ಅಕಾಲದ ಹನಿ ಬಿದ್ದಿರಬೇಕು. ಮೊದಲು ಅವರಿಬ್ಬರೂ, ಆಮೇಲೆ ನಾನೂ ನಗತೊಡಗಿದೆವು, ಮೂವತ್ತೆರಡೂ ಹಲ್ಲು ಬಿಟ್ಟುಕೊಂಡು, ಕೊನೆಯ ಸಲ.